ಯಾರ ಮನೆಯ ಬುತ್ತಿ

ನಾಗವ್ವ ರೊಟ್ಟಿ ಬಿಟ್ಟಿದ್ದಾಳೆ ಎಂಬುದು ಮನೆಯಲ್ಲಿ ಮೊದಲು ತಿಳಿದದ್ದು ಸೊಸೆ ಸ್ನೇಹಲ್‌ಗೆ. ಅದೂ ರಕ್ತ ಪರೀಕ್ಷೆಯಿಂದ.

ಸ್ನೇಹಲ್ ಮುಂಬೈಯ ಮುಲುಂಡ್ ಸ್ಟೇಷನ್ ಹತ್ತಿರದ ಒಂದು ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್ ತೆಗೆಯುವ ಕೆಲಸ ಮಾಡುತ್ತಾಳೆ. ನಸುಕಿನಲ್ಲೇ ಮನೆ ಬಿಟ್ಟು, ಬರಿಹೊಟ್ಟೆಯಲ್ಲಿ ಕಾದಿರುವ ರೋಗಿಗಳ ಮನೆಗಳಿಗೆ ಹೋಗಿ, ಮಧ್ಯಾಹ್ನ ತಿರುಗಿ ಬರುತ್ತಾಳೆ. ದೀಪಾವಳಿ ಮುಗಿದ ವಾರ, ಅತ್ತೆ ಮೂರನೇ ಮಹಡಿಗೆ ಹತ್ತುವಾಗ ನಡುವೆ ಗೋಡೆ ಹಿಡಿದು ನಿಂತದ್ದನ್ನು ಕಂಡಳು. ಮರುದಿನ ಆಕೆಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಸಂಜೆಗೆ ರಿಪೋರ್ಟು ಬಂತು.

"ಆಯಿ, ರಕ್ತ ಖೂಪ ಕಮ್ಮಿ ಆಗೇದ. ಏನು ತಿಂತೀರಿ ನೀವು ದಿವಸಾ?"

"ಉಣ್ಣತೀನಲ್ಲವಾ. ನಿನ್ನ ಮುಂದ ಉಣ್ಣತೀನಿ."

"ಭಾತ. ಬರೀ ಭಾತ. ನಿಮ್ಮ ತಾಟಿನಾಗ ರೊಟ್ಟಿ ನಾನು ನೋಡೇ ಇಲ್ಲ."

"ಹಲ್ಲೀಲೆ ಅಗ್ಯಾಕ ಬರೂದಿಲ್ಲ."

"ನಿನ್ನೆ ಹುರಿದ ಶೇಂಗಾ ತಿಂದ್ರಿ."

ನಾಗವ್ವ ಬೆಳಿಗ್ಗೆಯಿಂದ ತೋಳಿಗೆ ಅಂಟಿಕೊಂಡಿದ್ದ ಹತ್ತಿಯ ತುಂಡನ್ನು ತೆಗೆದು ಕಸದ ಡಬ್ಬಿಗೆ ಹಾಕಿದಳು. ಸ್ನೇಹಲ್ ಮರಾಠಿ ಮನೆಯವಳು, ಮುಲುಂಡ್‌ನಲ್ಲೇ ಹುಟ್ಟಿ ಬೆಳೆದವಳು. ಕನ್ನಡವನ್ನು ಮದುವೆಯ ನಂತರ ಕಲಿತಿದ್ದಳು. ಕಡಿಮೆ ಮಾತಿನಲ್ಲಿ ಕೇಳುವುದರಿಂದಲೋ ಏನೋ ಅವಳ ಪ್ರಶ್ನೆಗಳು ನೇರವಾಗಿರುತ್ತಿದ್ದವು.

ಆ ಮನೆಗೆ ರೊಟ್ಟಿಯ ಕೊರತೆ ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ನಾಗವ್ವನೇ ಬಡಿಯುತ್ತಿದ್ದಳು. ಆ ಸಪ್ಪಳಕ್ಕೆ ಕೆಳಗಿನ ಮನೆಯವರು ಸೊಸೈಟಿಯಲ್ಲಿ ಒಮ್ಮೆ ತಕರಾರನ್ನೂ ಹೇಳಿದ್ದರು. ಮಗ ಸಂತುವಿನ ಡಬ್ಬಿಗೆ, ಸೊಸೆಗೆ, ಒಂಬತ್ತನೇ ತರಗತಿಯ ಮೊಮ್ಮಗಳು ರಾಧಿಕಾಗೆ ರೊಟ್ಟಿ. ಕಡೆಯಲ್ಲಿ ತನಗೊಂದು ಹಿಡಿ ಅಕ್ಕಿ. ಊರ ಹೊಲದ ಜೋಳ ಅವಳ ಕೈಯಲ್ಲಿ ಹಿಟ್ಟಾಗಿ, ನಾದಿಸಿಕೊಂಡು, ಬೆಂದು, ಬೇರೆಯವರ ತಟ್ಟೆಗೆ ಹೋಗುತ್ತಿತ್ತು. ಒಂದು ಚೂರೂ ಅವಳ ಬಾಯಿಗೆ ಹೋಗಿರಲಿಲ್ಲ.

ಆ ಹೊಲವನ್ನು ನೋಡಿಕೊಂಡಿದ್ದವನು ಹಿರಿಯ ಮಗ ಬಸು. ತಂದೆ ಶೆಟ್ಟೆಪ್ಪ ತೀರಿಹೋದಾಗ ಅವನು ಕಾಲೇಜು ಬಿಟ್ಟು ಕೂರಿಗೆ ಹಿಡಿದ. ತಮ್ಮ ಸಂತು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಮುಂಬೈ ಸೇರಿದ. ಒಕ್ಕಲುತನದವನಿಗೆ ಹೆಣ್ಣು ಕೊಡುವವರು ಸಿಗದೆ ಬಸುವಿಗೆ ಮದುವೆಯಾಗಲಿಲ್ಲ. ವಿಜಯಪುರ ಜಿಲ್ಲೆಯ ಆ ಊರಿನಲ್ಲಿ ತಾಯಿ ಮಗ ಇಬ್ಬರೇ ಇದ್ದರು. ಕಳೆದ ಜನವರಿಯಲ್ಲಿ, ಜೋಳ ಹಾಲುಗಾಳಾಗಿದ್ದಾಗ, ಗೋದಿಗೆ ನೀರು ಬಿಡಲು ಹೋದವನು ಬೋರಿನ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿ ಅಲ್ಲೇ ಬಿದ್ದ. ಹೊಲದ ಬದುವಿನ ಬನ್ನಿ ಗಿಡದ ಕೆಳಗೆ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದರು. ಹೊಲವನ್ನು ನೆರೆಹೊಲದ ಗದಿಗೆಪ್ಪನಿಗೆ ಪಾಲಿಗೆ ಕೊಟ್ಟು ಸಂತು ತಾಯಿಯನ್ನು ಮುಂಬೈಗೆ ಕರೆತಂದ. ಬಸು ಬಿತ್ತಿದ್ದ ಜೋಳವನ್ನು ಗದಿಗೆಪ್ಪ ಕೊಯ್ದು, ರಾಶಿ ಮಾಡಿ, ಮನೆಯವರ ಪಾಲನ್ನು ಲಾರಿಗೆ ಹಾಕಿ ಕಳಿಸಿದ.

ರಕ್ತದ ರಿಪೋರ್ಟನ್ನು ಸ್ನೇಹಲ್ ಗಂಡನಿಗೆ ತೋರಿಸಿದಳು. ಸಂತು ಅಂಧೇರಿಯ ಒಂದು ಆಫೀಸು ಕಟ್ಟಡದಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಾನೆ. ಮುಲುಂಡ್‌ನಿಂದ ಘಾಟ್ಕೋಪರ್‌ಗೆ ಲೋಕಲ್, ಅಲ್ಲಿಂದ ಮೆಟ್ರೋ, ಸಂಜೆ ಅದೇ ದಾರಿ ಹಿಂದಕ್ಕೆ. ಮನೆಗೆ ಬಂದಾಗ ಅವನಿಗೆ ಮಾತು ಬೇಡವಾಗಿರುತ್ತದೆ.

"ಗುಳಿಗಿ ಬರಿಸಿಕೊಂಡು ಬಾ," ಎಂದ.

"ಗುಳಿಗಿ ತಂದೇನೆ. ಕಾರಣ ಗುಳಿಗಿದು ಅಲ್ಲ."

"ಮತ್ತ?"

"ನಿಮ್ಮ ಆಯಿಗೆ ಕೇಳ್ರಿ."

ಅವನು ಕೇಳಲಿಲ್ಲ. ಗುಳಿಗೆ ನುಂಗಿಸುವ ಕೆಲಸ ರಾಧಿಕಾಗೆ ಬಂತು.

ನವೆಂಬರ್ ಕಡೆಯ ವಾರದಲ್ಲಿ ಗದಿಗೆಪ್ಪ ಫೋನ್ ಮಾಡಿದ. ಸಂತು ಮೆಟ್ರೋ ಇಳಿದು ಘಾಟ್ಕೋಪರ್ ಸೇತುವೆಯ ನೂಕುನುಗ್ಗಲಲ್ಲಿದ್ದ.

"ಬೆಳಿ ಚಲೋ ಎದ್ದೈತಿ ತಮ್ಮಾ. ಎದಿಮಟ ಆಗೈತಿ. ಎಳ್ಳ ಅಮಾಸಿ ಹತ್ತರ ಬಂತು. ಚರಗಾ ಚೆಲ್ಲಾಕ ಯಾರು ಬರತೀರಿ?"

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಜೋಳ ಹೊಡೆ ಹಿರಿದು ತೆನೆ ಬಿಡುತ್ತದೆ. ಭೂಮಿ ಆಗ ಬಸುರಿ ಎನ್ನುತ್ತಾರೆ. ಬಸುರಿಯ ಬಯಕೆ ತೀರಿಸಲು ಹೊಲದ ಮನೆಯವರು ಅಡುಗೆ ಮಾಡಿ, ಬುತ್ತಿ ಹೊತ್ತು ಹೋಗಿ, ನಿಂತ ಪೈರಿನ ಮೇಲೆ ಅನ್ನ ಚೆಲ್ಲಿ ಬರುತ್ತಾರೆ. ಅದೇ ಚರಗ. ಸಂತು ಅದನ್ನು ಕಡೆಯ ಸಲ ನೋಡಿ ಎಷ್ಟೋ ವರ್ಷವಾಗಿತ್ತು. ಹಿಂದಿನಿಂದ ಯಾರೋ ಬೆನ್ನಿಗೆ ಬ್ಯಾಗು ಒತ್ತುತ್ತಿದ್ದರು.

"ನೀನ ಚೆಲ್ಲಿಬಿಡೋ ಕಾಕಾ," ಎಂದ.

"ನಾನ? ನಮ್ಮ ಮನೀ ಬುತ್ತಿ?"

"ಹೂಂ. ನನಗ ರಜಾ ಸಿಗೂದಿಲ್ಲ."

"ಆತು ಬಿಡು, ನೀ ಹೇಳಿದ ಮ್ಯಾಲ," ಎಂದು ಗದಿಗೆಪ್ಪ ಫೋನ್ ಇಟ್ಟ.

ಮುಂದಿನ ಭಾನುವಾರ ಊಟದ ಹೊತ್ತಿನಲ್ಲಿ ಸಂತು ಆ ಮಾತನ್ನು ತಾಯಿಗೆ ಒಳ್ಳೆಯ ಸುದ್ದಿ ಎಂಬಂತೆ ಹೇಳಿದ. "ಅವ್ವಾ, ಚರಗದ್ದು ನೀ ಚಿಂತಿ ಮಾಡಬ್ಯಾಡ. ಗದಿಗೆಪ್ಪ ಕಾಕಾ ಚೆಲ್ಲತಾನಂತ."

ನಾಗವ್ವ ರಾಧಿಕಾಳ ತಟ್ಟೆಗೆ ರೊಟ್ಟಿ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. "ಯಾರ ಮನೀ ಬುತ್ತಿ?"

"ಅಂದ್ರ?"

"ಚೆಲ್ಲೂದು ಯಾರ ಮನ್ಯಾಗ ಕುದಿಸಿದ್ದು ಅಂತ ಕೇಳಿದೆ."

"ಅವರ ಮನೀದ. ಮತ್ತ ನಾವೇನು ಇಲ್ಲಿಂದ ಕಳಸಾಕ ಆಗತೈತೇನು?"

"ನೀ ಹೇಳಿದಿ?"

"ಹೂಂ. ನಾನ ಹೇಳೀನಿ."

ನಾಗವ್ವ ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟಳು. "ಬಸುರಿಗೆ ಯಾರು ಬಯಕಿ ಊಟ ಹಾಕತಾರ, ಆಕಿ ಅವರ ಮನೀ ಮಗಳು. ಹೊಲಾ ಪಾಲಿಗೆ ಕೊಟ್ಟರ ಹೊಲಾ ನಮ್ಮದ ಇರತೈತಿ. ಚರಗಾ ಕೊಟ್ಟರ ಇರೂದಿಲ್ಲ. ಗದಿಗೆಪ್ಪ ಯಾಕ ಫೋನ್ ಮಾಡಿ ಕೇಳಿದಾ? ತಾನ ಹಾಕಬಾರದಂತ ಅವಗ ಗೊತ್ತೈತಿ. ನಿನಗ ಗೊತ್ತಿಲ್ಲ."

"ಕಾಗದ ಎಲ್ಲಾ ನಮ್ಮ ಹೆಸರಿಲೇ ಅದಾವ ಅವ್ವಾ."

"ಕಾಗದಕ್ಕ ಹಸಿವಿ ಆಗತೈತೇನು?"

ರಾಧಿಕಾ ನಕ್ಕಳು. ಸ್ನೇಹಲ್ ಅವಳ ಕಡೆ ನೋಡಿದಳು, ನಗು ನಿಂತಿತು.

ಸಂತುವಿಗೆ ಸಿಟ್ಟು ಬಂತು. ವಾರದಲ್ಲಿ ಒಂದೇ ದಿನ ಅವನು ಬಿಸಿ ರೊಟ್ಟಿ ತಿನ್ನುವುದು. "ಹಂಗಾರ ನೀ ಮಾಡು. ಬುತ್ತಿ ಕಟ್ಟು. ಹೆಂಗರೆ ಮಾಡಿ ನಾ ಒಯ್ತೀನಿ."

"ನಾ ಮಾಡಂಗಿಲ್ಲ."

"ಯಾಕ?"

"ಆಕಿಗೆ ಈ ಕೈಲೆ ಮತ್ತ ಹಾಕಂಗಿಲ್ಲ."

"ನೀ ಹಾಕಂಗಿಲ್ಲ, ಅವರೂ ಹಾಕಬಾರದು. ಮತ್ತ ಹೊಲಾ ಏನ್ ಮಾಡಬೇಕು?"

"ಉಪಾಸ ಬೀಳಲಿ."

ಸಂತು ಧ್ವನಿ ತಗ್ಗಿಸಿದ. "ಅವ್ವಾ, ಅದರಾಗ ಹೊಲದ್ದೇನು ತಪ್ಪು? ಅರ್ಥಿಂಗಿನ ತಂತಿ ತುಕ್ಕು ಹಿಡದಿತ್ತು. ಪೆಟ್ಟಿಗ್ಯಾಗ ಕರೆಂಟ್ ಸೋರಿದ್ರ ಆ ತಂತಿ ಹಿಡದು ಮಣ್ಣಿಗೆ ಇಳೀಬೇಕು. ಇಳೀಲಿಲ್ಲ."

"ನೀನ ಹೇಳಿದಿ ಅವತ್ತೂ. ಮಣ್ಣಿಗೆ ಇಳೀಬೇಕಿತ್ತು ಅಂತ. ಯಾಕ ಇಳಿಸಿಕೊಳ್ಳಲಿಲ್ಲ ಆಕಿ?" ನಾಗವ್ವನ ಧ್ವನಿ ಏರಲಿಲ್ಲ. "ವರ್ಷಾ ಉಣಿಸೀನಿ. ನಿಮ್ಮಪ್ಪ ಹೋದ ವರ್ಷ ಕಣ್ಣೀರು ಒರಸಿಕೊಂಡು ಉಣಿಸೀನಿ. ಮನ್ಯಾಗ ಕಾಳಿಲ್ಲದ ವರ್ಷ ಮಂದಿ ಮನೀಂದ ತಂದು ಉಣಿಸೀನಿ. ಒಂದ ಒಂದು ಕೆಲಸ ಬಂದಿತ್ತು ಆಕಿಗೆ, ನನ್ನ ಮಗನ ಸಲವಾಗಿ. ಮಾಡಲಿಲ್ಲ. ಆಕಿ ಕೊಟ್ಟಿದ್ದು ನಾ ಉಣ್ಣಂಗಿಲ್ಲ, ನಾ ಕೊಡೂದೂ ಆಕಿ ಉಣ್ಣೂದು ಬ್ಯಾಡ."

ಎಂದೂ ಹಾಸಿಗೆಯಿಂದ ಎದ್ದು ನೆಲ ಮುಟ್ಟಿ ನಮಸ್ಕರಿಸದೆ ಕಾಲು ಕೆಳಗಿಡದವಳು ಇಲ್ಲಿಗೆ ಬಂದ ಮೇಲೆ ಅದನ್ನು ನಿಲ್ಲಿಸಿದ್ದಳು. ಮೂರನೇ ಮಹಡಿಯಲ್ಲಿ ನೆಲವೆಲ್ಲಿದೆ ಎಂದು ಬಿಟ್ಟಿರಬೇಕು ಎಂದು ಸಂತು ತಿಳಿದಿದ್ದ. ಈಗ ಅವನಿಗೆ ರೊಟ್ಟಿ ಬಿಟ್ಟದ್ದೂ ನಮಸ್ಕಾರ ಬಿಟ್ಟದ್ದೂ ಕೂಡಿ ಅರ್ಥವಾದವು. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ತಿನ್ನಲೂ ಆಗದೆ ಬಿಡಲೂ ಆಗದೆ ಕುಳಿತ.

ಆ ಸಂಜೆ ಅವನು ಊರಿಗೆ ಫೋನ್ ಮಾಡಿ ಮಾತು ಹಿಂದಕ್ಕೆ ತೆಗೆದುಕೊಂಡ. ಗದಿಗೆಪ್ಪನಿಗೆ ಬೇಸರವಾಯಿತು.

"ಒಮ್ಮಿ ಚೆಲ್ಲು ಅಂತಿ, ಒಮ್ಮಿ ಬ್ಯಾಡ ಅಂತಿ. ನಿಮ್ಮವ್ವನ ದುಃಖ ನನಗ ತಿಳೀತೈತಿ. ಆದರ ತಮ್ಮಾ, ಭೂಮಿತಾಯಿನ್ನ ಉಪಾಸ ಕೆಡವಿ ನಾ ಹೆಂಗ ಉಣ್ಣಲಿ? ಅಮಾಸಿ ದಿನಾ ಹೊತ್ತು ನೆತ್ತಿಗೆ ಬರೂತನ ಹಾದಿ ನೋಡತೀನಿ. ನೀವು ಬರಲಿಲ್ಲಂದ್ರ ನಮ್ಮ ಬುತ್ತಿ ಬಿಚ್ಚತೀನಿ. ಆಮ್ಯಾಲ ನನಗ ಅನಬ್ಯಾಡ್ರಿ."

ನಾಗವ್ವ ಅಷ್ಟನ್ನೂ ಕೇಳಿಸಿಕೊಂಡಳು. ಅಂದಿನಿಂದ ಮಗನೊಡನೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನು ಮೊಮ್ಮಗಳ ಮೂಲಕ ಹೇಳುತ್ತಿದ್ದಳು.

"ನಿಮ್ಮಪ್ಪಗ ಹೇಳು, ಚಾ ಆರಾಕತ್ತೈತಿ."

"ಪಪ್ಪಾ, ಚಾ."

"ನಿಮ್ಮಜ್ಜಿಗೆ ಹೇಳು, ಗುಳಿಗಿ ನುಂಗಂತ."

"ಮೈ ವಾಟ್ಸಾಪ್ ಗ್ರೂಪ್ ಬನಾ ದೂಂ ಕ್ಯಾ ಆಪ್ ದೋನೋಂ ಕಾ?" ಎಂದು ಇಬ್ಬರಿಗೂ ಗ್ರೂಪ್ ಮಾಡಿಕೊಡಲು ಫೋನ್ ಎತ್ತಿಕೊಂಡಳು ರಾಧಿಕಾ. ಇಬ್ಬರೂ ನಗಲಿಲ್ಲ.

ಡಿಸೆಂಬರ್ ಎರಡನೇ ವಾರ ಸ್ನೇಹಲ್ ಜೋಳದ ಡಬ್ಬಿ ತೆರೆದಾಗ ನುಸಿ ಬಿದ್ದಿತ್ತು. ಮುಂಬೈಯ ಹವೆಯಲ್ಲಿ ಕಾಳು ತೇವ ಹಿಡಿದು, ತಳದಲ್ಲಿ ಉಳಿದದ್ದರಲ್ಲಿ ಬಹಳಷ್ಟು ತೂತಾಗಿತ್ತು. ಅವಳು ಆ ದಿನ ಹದಿನಾಲ್ಕು ಮನೆ ಸುತ್ತಿ ಬಂದಿದ್ದಳು. ಒಬ್ಬ ಮುದುಕ ಸೂಜಿ ಸರಿಯಾಗಿ ಚುಚ್ಚಲಿಲ್ಲವೆಂದು ಬೈದಿದ್ದ.

"ಆಯಿ, ಇದು ಗೇಲಾ, ಹಾಳಾತು. ಕೆಳಗೆ ವಾಚ್‌ಮನ್‌ಗೆ ಕೊಟ್ಟು ಬಿಡ್ತೀನಿ, ಅವನ ಕೋಳಿ ಅವ."

"ಬ್ಯಾಡ."

"ನೀವು ತಿನ್ನೋದಿಲ್ಲ. ನಾವು ಹುಳ ತಿನ್ನಬೇಕಾ?"

ನಾಗವ್ವ ಎದ್ದು ಬಂದು ಡಬ್ಬಿಯೊಳಗೆ ಕೈಯಾಡಿಸಿದಳು. ಒಂದು ಮುಷ್ಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. "ಇಷ್ಟ ಉಳೀತೇನು?"

"ಇಷ್ಟೇ."

"ಇದು ನನ್ನ ಬಸೂನ ಬಿತ್ತಿಗಿ ಕಾಳು. ಇದರ ಮುಂದ ಬರೂದೆಲ್ಲಾ ಗದಿಗೆಪ್ಪಂದು."

ಸ್ನೇಹಲ್ ಡಬ್ಬಿಯ ಮುಚ್ಚಳ ಹಿಡಿದು ನಿಂತಳು. ಆಮೇಲೆ ಬ್ಯಾಗು ಇಟ್ಟು, ಹಾಲ್‌ನಲ್ಲಿ ಹಳೆಯ ಸೀರೆ ಹಾಸಿ, ಜೋಳವನ್ನು ಸುರಿದಳು. ಮೂವರೂ ಸುತ್ತ ಕೂತರು. ರಾಧಿಕಾ ಹುಳ ಕಂಡಾಗಲೆಲ್ಲ ಕೈ ಹಿಂದೆ ಎಳೆದುಕೊಳ್ಳುತ್ತಿದ್ದಳು.

"ಅಜ್ಜಿ, ಯೇ ಹಿಲ್ ರಹಾ ಹೈ."

"ಜೀವ ಐತಿ, ಮಿಸುಕತೈತಿ. ಹೊರಗ ಬಿಡು."

ತೂತಿನ ಕಾಳು ಒಂದು ಕಡೆ, ಗಟ್ಟಿ ಕಾಳು ಒಂದು ಕಡೆ ಬೇರೆಯಾಗುತ್ತ ಹೋದವು. ಗಟ್ಟಿ ಕಾಳಿನ ಗುಡ್ಡೆ ಸಣ್ಣದಾಗಿಯೇ ಇತ್ತು. ಸ್ನೇಹಲ್ ತಲೆ ಎತ್ತದೆ ಕೇಳಿದಳು:

"ಆಯಿ, ಒಂದು ಕೇಳ್ತೇನೆ. ಸಿಟ್ಟ ಆಗಬ್ಯಾಡ್ರಿ."

"ಕೇಳು."

"ಆ ಚರಗ ಅದಲ್ಲ, ಅದು ಎಲ್ಲಿಂದ ಸುರು ಮಾಡ್ತಾರೆ?"

"ಬದುವಿನಿಂದ. ಹಿರೇರ ಮಣ್ಣಾದಲ್ಲಿಂದ. ಮದಲಿನ ತುತ್ತು ಅಲ್ಲಿ ಇಟ್ಟು, ಆಮ್ಯಾಲ ಹೊಲಾ ಹೊಗೂದು."

"ಬಸು ಭಾವೋಜಿ ಅಲ್ಲೇ ಇದ್ದಾರಲ್ಲ."

"ಹೂಂ."

"ಮ್ಹಣಜೆ, ಅಂದ್ರೆ, ಈ ವರ್ಷ ಭಾವೋಜಿ ಗದಿಗೆಪ್ಪ ಕಾಕಾನ ಮನೆದು ತಿಂತಾರೆ."

ಅವಳು ಅದನ್ನು ಚುಚ್ಚಲೆಂದು ಹೇಳಿರಲಿಲ್ಲ. ಲ್ಯಾಬಿನಲ್ಲಿ ಟ್ಯೂಬಿನ ಮೇಲಿನ ಹೆಸರು ಸರಿಯೇ ಎಂದು ರೋಗಿಯನ್ನು ಕೇಳುವ ದನಿಯಲ್ಲೇ ಹೇಳಿದ್ದಳು. ನಾಗವ್ವ ಕಾಳು ಆರಿಸುತ್ತಲೇ ಇದ್ದಳು. ರಾಧಿಕಾ ಒಮ್ಮೆ ಅಮ್ಮನನ್ನು, ಒಮ್ಮೆ ಅಜ್ಜಿಯನ್ನು ನೋಡಿದಳು. ಕೆಳಗೆ ತರಕಾರಿ ಗಾಡಿಯವನು ಕೂಗಿ ಹೋದ.

ನಾಗವ್ವ ಕಾಳಿನ ಬದಿಗಿದ್ದ ಜರಡಿ ಎತ್ತಿ ಅಲ್ಲಾಡಿಸಿ ಹೇಳಿದಳು: "ಈ ಜರಡಿ ಸಣ್ಣಂದು. ಧೂಳೂ ಕೆಳಗ ಬೀಳೂದಿಲ್ಲ. ದೊಡ್ಡದು ತಾ."

ಸ್ನೇಹಲ್ ಎದ್ದು ತಂದಳು.

ಸಂಜೆ ಸಂತು ಬಂದಾಗ ನಾಗವ್ವ ನೇರವಾಗಿ ಅವನಿಗೇ ಹೇಳಿದಳು. "ರಜಾ ಕೇಳು. ಅಮಾಸಿಗೆ ಹೋಗಬೇಕು."

"ನೀ ಬರತೀಯೇನು?"

"ಇಲ್ಲ. ಬುತ್ತಿ ಮಾಡಿ ಕೊಡತೀನಿ. ನನಗ ಇನ್ನಾ ಆಕಿ ಮುಖಾ ನೋಡಾಕ ಆಗೂದಿಲ್ಲ."

ರಜೆ ಸುಲಭವಾಗಿ ಸಿಗಲಿಲ್ಲ. ಅಣ್ಣ ಸತ್ತಾಗ, ತಾಯಿಯನ್ನು ಕರೆತರುವಾಗ ಸಂತುವಿನ ರಜೆಯೆಲ್ಲ ಮುಗಿದಿತ್ತು. ಸೂಪರ್‌ವೈಸರ್ ತಿಲಕ್ ಕಾರಣ ಕೇಳಿದ. ಸಂತು ಸುಳ್ಳು ಹೇಳುವುದಕ್ಕೂ ದಣಿದಿದ್ದ, ಇದ್ದದ್ದನ್ನೇ ಹೇಳಿದ.

"ಖೇತ ಕೋ ಖಾನಾ ಖಿಲಾನಾ ಹೈ? ಪಾರ್ಸೆಲ್ ಭೇಜ ದೇ," ಎಂದು ಹೊಲಕ್ಕೆ ಊಟ ಉಣಿಸುವ ಮಾತಿಗೆ ತಿಲಕ್ ನಕ್ಕ. ಆಮೇಲೆ ಸಂತುವಿನ ಮುಖ ನೋಡಿ, ಒಂದು ಭಾನುವಾರ ಡ್ಯೂಟಿಗೆ ಬರಬೇಕೆಂಬ ಷರತ್ತಿನ ಮೇಲೆ ಬಿಟ್ಟ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆಯಿಂದ ಅಡುಗೆ ನಡೆಯಿತು. ಸ್ನೇಹಲ್ ದಾದರ್ ಮಾರ್ಕೆಟ್ಟಿನಿಂದ ಸಣ್ಣ ಬದನೆಕಾಯಿ, ಸಜ್ಜೆ ಹಿಟ್ಟು, ಎಳ್ಳು ತಂದಿದ್ದಳು. ಗಟ್ಟಿ ಜೋಳವನ್ನು ಗಿರಣಿಯವನ ಎದುರು ನಿಂತು, ಮೊದಲಿನ ಗೋದಿಯ ಹಿಟ್ಟೆಲ್ಲ ಕಲ್ಲಿನಿಂದ ಹೋದ ಮೇಲೆಯೇ ಹಾಕಿಸಿ ಬೀಸಿಸಿದ್ದಳು. ನಾಗವ್ವ ಗರಿಗರಿ ಕಟಕ ರೊಟ್ಟಿ ಮಾಡಿದಳು, ಸಜ್ಜೆ ಕಡುಬು ಮಾಡಿದಳು, ಎಳ್ಳಿನ ಹೋಳಿಗೆ ಮಾಡಿದಳು. ಬದನೆಕಾಯಿ ಸೀಳಿ ಶೇಂಗಾ ಪುಡಿ ತುಂಬಿ ಎಣ್ಣೆಯಲ್ಲಿ ಬೇಯಿಸಿದಳು.

ರಾಧಿಕಾ ಸೌಟಿಗೆ ಬೆರಳು ಹಚ್ಚಿ ಬಾಯಿಗೆ ಒಯ್ಯುವಷ್ಟರಲ್ಲಿ ಅಜ್ಜಿ ಕೈ ಹಿಡಿದಳು.

"ಅದು ಇನ್ನಾ ನಮ್ಮದಲ್ಲ. ಆಕಿ ಉಂಡ ಮ್ಯಾಲ ನಮ್ಮದು."

"ಮತ್ತೆ ಟೇಸ್ಟ್ ಹೇಗೆ ಗೊತ್ತಾಗ್ತದೆ?"

"ಗೊತ್ತಾಗೂದಿಲ್ಲ." ನಾಗವ್ವ ಒಲೆ ಸಣ್ಣ ಮಾಡಿದಳು. "ಅದಕ್ಕ ನಿಮ್ಮ ದೊಡ್ಡಪ್ಪ ವರ್ಷಾ ಕಾಡತಿದ್ದ. ಹೊಲದಾಗ ಉಣ್ಣಾಕ ಕುಂತಾಗ, ಅವ್ವಾ, ಭೂಮಿತಾಯಿ ಬಾಯಿಬಿಟ್ಟು ಏನೂ ಅನ್ನೂದಿಲ್ಲಂತ ಉಪ್ಪ ಕಡಿಮಿ ಹಾಕತೀಯೇನು ಅಂತಿದ್ದ. ಒಂದ ವರ್ಷ ಬಿಟ್ಟಿಲ್ಲ."

ಹೇಳಿ ಮುಗಿಸಿ ಆಕೆ ಬಾಣಲೆಯ ಕಡೆ ತಿರುಗಿದಳು. ಬಸು ಬದುಕಿದ್ದಾಗಿನ ಮಾತನ್ನು ಆ ಮನೆಯಲ್ಲಿ ಆಕೆ ಹೀಗೆ ತಾನಾಗಿ ಎತ್ತಿದ್ದು ಅದೇ ಮೊದಲು.

ಸಂಜೆ ಸಂತು ಬುಟ್ಟಿ ಹಿಡಿದು ವಿಜಯಪುರದ ಬಸ್ಸಿಗೆ ಹೊರಟ. ಬುಟ್ಟಿಯ ಮೇಲೆ ಬಿಳಿ ಬಟ್ಟೆ ಕಟ್ಟಿತ್ತು.

"ಕೆಳಗ ಇಡಬ್ಯಾಡ. ತೊಡಿ ಮ್ಯಾಲ ಇಟ್ಕೋ," ಎಂದಳು ನಾಗವ್ವ.

"ಹೂಂ."

"ನೀನೂ ಏನೂ ತಿನಬ್ಯಾಡ, ಚೆಲ್ಲೂತನ."

"ಚಾ ಕುಡೀಲೇನು?"

"ಚಾ ಕುಡಿ."

ಮರುದಿನ ಸ್ನೇಹಲ್ ಎರಡು ಮನೆಗಳನ್ನು ಬೇರೆಯವಳಿಗೆ ಒಪ್ಪಿಸಿ ಬೇಗ ಬಂದಳು. ಬುತ್ತಿಗೆಂದು ಮಾಡಿದ್ದರಲ್ಲಿ ಮನೆಯವರ ಪಾಲು ಅಡುಗೆಕಟ್ಟೆಯ ಮೇಲೆ ಮುಚ್ಚಿಟ್ಟಿತ್ತು. ಯಾರೂ ಮುಟ್ಟಿರಲಿಲ್ಲ. ರಾಧಿಕಾ ಹಸಿವೆಂದು ಎರಡು ಬಾರಿ ಹೇಳಿ, ಮೂರನೆಯ ಬಾರಿ ಹೇಳದೆ ಸೋಫಾದ ಮೇಲೆ ಮಲಗಿದಳು. ನಾಗವ್ವ ಫೋನಿನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದಳು.

ಬಿಸಿಲು ಕಿಟಕಿಯ ಸರಳು ದಾಟಿ ಹೋದ ಮೇಲೆ ಫೋನ್ ಬಂತು.

"ಆತು ಅವ್ವಾ. ಚೆಲ್ಲಿದೆ."

"ಹೊತ್ತು ಮೀರಲಿಲ್ಲಲಾ?"

"ಇಲ್ಲ. ಬಸ್ಸು ತಡಾ ಆತು. ಗದಿಗೆಪ್ಪ ಕಾಕಾ ಬುತ್ತಿ ಬಿಚ್ಚದ ಕುಂತಿದ್ದ. ನಾ ಚೆಲ್ಲೂವಾಗ ಹಿಂದಿಂದ ನೀರು ಚಿಮುಕಿಸಿಕೋತ ಚರಗದ ಕೂಗು ಅವನ ಹಾಕಿದ, ಆ ಕೂಗು ನನಗ ಮರತಿತ್ತು."

"ಮದಲ ಎಲ್ಲಿ ಇಟ್ಟಿ?"

"ಬನ್ನಿ ಗಿಡದ ಕೆಳಗ. ಅಪ್ಪಗ ಒಂದು ತುತ್ತು, ಅಣ್ಣಗ ಒಂದು ತುತ್ತು."

"ಬೋರಿನ ಕಡೆ?"

"ಅಲ್ಲೂ ಚೆಲ್ಲೀನಿ. ಜೋಳ ನನ್ನ ತಲಿಮಟ ಐತವ್ವಾ ಅಲ್ಲಿ."

"ಉಂಡೀರೇನು?"

"ಈಗ ಉಂಡ್ವಿ. ಎಲ್ಲಾ ಚಲೋ ಆಗಿತ್ತು."

ನಾಗವ್ವ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟಳು. ಸ್ನೇಹಲ್ ತಟ್ಟೆಗಳನ್ನು ಹಾಕಿದಳು. ಅಭ್ಯಾಸದಂತೆ ಅತ್ತೆಯ ತಟ್ಟೆಯ ಪಕ್ಕದಲ್ಲಿ ಅನ್ನದ ಪಾತ್ರೆ ಇಟ್ಟಳು. ನಾಗವ್ವ ಅದನ್ನು ಬದಿಗೆ ಸರಿಸಿ, ಬುಟ್ಟಿಯಿಂದ ಒಂದು ರೊಟ್ಟಿ ತೆಗೆದುಕೊಂಡಳು. ಅಂಚು ಮುರಿದಿದ್ದ ರೊಟ್ಟಿ. ಬದನೆಕಾಯಿಯ ಎಣ್ಣೆಯಲ್ಲಿ ಅದ್ದಿ, ಮೆತ್ತಗಾಗಲಿ ಎಂದು ಸ್ವಲ್ಪ ಹೊತ್ತು ಹಿಡಿದುಕೊಂಡು, ಬಾಯಿಗೆ ಇಟ್ಟಳು. ತಾಯಿ ಮಗಳು ಇಬ್ಬರೂ ಆಕೆಯ ಕಡೆ ನೋಡದಿರಲು ಯತ್ನಿಸಿದರು.

ಅಗಿಯುವುದನ್ನು ನಡುವೆಯೇ ನಿಲ್ಲಿಸಿದಳು.

"ರಾಧಿಕಾ, ನಿಮ್ಮಪ್ಪಗ ಫೋನ್ ಹಚ್ಚು."

"ಅಭೀ ತೋ ಬಾತ್ ಹುಯೀ, ಈಗಷ್ಟೇ."

"ಹಚ್ಚು."

ಸಂತು ಗಾಬರಿಯಿಂದಲೇ ಎತ್ತಿದ. "ಏನಾತವ್ವಾ?"

"ಬದನೀಕಾಯಿಗೆ ಉಪ್ಪ ಇಲ್ಲ."

ಆ ಕಡೆ ಗಾಳಿಯ ಸದ್ದು ಕೇಳಿಸುತ್ತಿತ್ತು. ಎತ್ತರದ ಜೋಳದ ನಡುವೆ ಗಾಳಿ ಹೋಗುವ ಸದ್ದು.

"ಇರಲಿಲ್ಲ," ಎಂದ ಸಂತು.

"ಮತ್ತ ಎಲ್ಲಾ ಚಲೋ ಆಗಿತ್ತು ಅಂದಿ?"

"ನೀ ನೊಂದಕೋತಿ ಅಂತ..."

"ಹೇಳಬೇಕೋ," ಎಂದಳು ನಾಗವ್ವ. ಅವಳ ಕಣ್ಣು ತುಂಬಿತ್ತು. ಆದರೂ ರೊಟ್ಟಿ ಹಿಡಿದ ಕೈ ಕೆಳಗಿಳಿದಿರಲಿಲ್ಲ. "ಆಕಿ ಹೇಳೂದಿಲ್ಲ. ಯಾರರೆ ಒಬ್ಬರು ಹೇಳಬೇಕು. ಮುಂದಿನ ವರ್ಷ ಹೇಳು."

ಫೋನ್ ಕೆಳಗಿಟ್ಟಳು. ಸ್ನೇಹಲ್ ಉಪ್ಪಿನ ಡಬ್ಬಿಯನ್ನು ಅವಳ ಕಡೆ ಸರಿಸಿದಳು. ನಾಗವ್ವ ಒಂದು ಚಿಟಿಕೆ ತೆಗೆದುಕೊಂಡು ಮೊದಲು ಮೊಮ್ಮಗಳ ತಟ್ಟೆಗೆ, ಆಮೇಲೆ ಸೊಸೆಯ ತಟ್ಟೆಗೆ, ಕಡೆಗೆ ತನ್ನದಕ್ಕೆ ಉದುರಿಸಿಕೊಂಡು, ಮತ್ತೊಂದು ತುಂಡು ಮುರಿದಳು.